‘ಎಲ್ಲಿಗೆ’ ಎಂದು ಕೇಳದ ಗೇಟಿನ ರಾಚಪ್ಪ

ಬಸವೇಶ್ವರನಗರದ ಆ ಅಪಾರ್ಟ್‌ಮೆಂಟಿನ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಕ್ರೇಟುಗಳನ್ನು ಒಳಗೆ ಎಳೆದಿಟ್ಟು, ಪೇಪರುಗಳನ್ನು ಮಹಡಿವಾರು ಬೇರೆ ಮಾಡಿ, ರಾತ್ರಿ ಪಾಳಿಯವನು ಬಿಟ್ಟುಹೋದ ಟೀ ಲೋಟವನ್ನು ಅವನಿಗೆ ಬೈಯುತ್ತಲೇ ತೊಳೆದಿಟ್ಟ ಸೆಕ್ಯುರಿಟಿ ರಾಚಪ್ಪ ಈಗ ಗೇಟಿನ ಬಳಿ ಬಂದು ನಿಂತಿದ್ದಾರೆ. ಎರಡನೇ ಮಹಡಿಯ ಬಂಗಾಳಿ ಅಮ್ಮ ಕೋಲೂರಿಕೊಂಡು ಲಿಫ್ಟಿನಿಂದ ಹೊರಬರುತ್ತಾರೆ. ವಾರಕ್ಕೆ ಮೂರು ದಿನ ಅವರಿಗೆ ಡಯಾಲಿಸಿಸ್. ಆಟೊ ಮೆಟ್ಟಿಲವರೆಗೂ ಬರಲಿ ಎಂದು ರಾಚಪ್ಪ ಆಗಲೇ ಗೇಟು ತೆರೆದಿದ್ದಾರೆ. ಅಮ್ಮನ ಕೈಚೀಲ ಇಸಿದುಕೊಂಡು ಸೀಟಿನ ಮೇಲಿಟ್ಟು, ಅವರಿಗಷ್ಟೇ ಕೇಳುವ ಹಾಗೆ ಏನೋ ಒಂದು ಮಾತು ಹೇಳುತ್ತಾರೆ. ಆಟೊ ತಿರುವು ದಾಟಿದ ಮೇಲೆ ಗೇಟು ಎಳೆದುಕೊಳ್ಳುತ್ತಾರೆ.

ಎಲ್ಲಿಗೆ ಹೊರಟಿರಿ ಎಂದು ಮಾತ್ರ ಅವರು ಯಾರನ್ನೂ ಕೇಳುವುದಿಲ್ಲ. ಇದೊಂದು ಪ್ರಶ್ನೆ ಬಾಯಿಂದ ಹೊರಡಲಿಲ್ಲವೆಂದು ಈ ಗೇಟೇ ಅವರ ಕೈತಪ್ಪಿ ಹೋಗುವುದರಲ್ಲಿತ್ತು.

ರಾಚಪ್ಪ ರೋಣದ ಕಡೆಯವರು, ಐವತ್ತು ದಾಟಿದವರು. ಮೆಟ್ರೊ ಕಂಬಗಳು ಕೆಂಗೇರಿಯತ್ತ ಸಾಗುತ್ತಿದ್ದ ಕಾಲದಲ್ಲಿ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದರು. ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ನೋವು ಹಿಡಿದ ಮೇಲೆ ಸಿಮೆಂಟು ಬಿಟ್ಟು ಸೆಕ್ಯುರಿಟಿ ಸಮವಸ್ತ್ರ ತೊಟ್ಟರು. ಹೆಂಡತಿ ಶಂಕ್ರವ್ವ ವಿಜಯನಗರದ ಪಿ.ಜಿ.ಯೊಂದರಲ್ಲಿ ಅಡುಗೆ ಮಾಡುತ್ತಾರೆ. ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಜನ ರಾಚಪ್ಪನವರ ಗೇಟು ದಾಟುತ್ತಾರೆ. ಡೆಲಿವರಿ ಹುಡುಗರು, ಕೆಲಸದ ಆಂಟಿಯರು, ಎ.ಸಿ. ರಿಪೇರಿಯವರು, ಮನೆ ಮರೆತು ಪಕ್ಕದ ಬ್ಲಾಕಿನಲ್ಲಿ ಬೆಲ್ ಒತ್ತುವ ನೆಂಟರು, ಎಲ್ಲರೂ ಇಲ್ಲೇ ಬರಬೇಕು. ಅವರ ಜೊತೆ ಬೈದಾಡಿಕೊಂಡು, ನಗಾಡಿಕೊಂಡು ದಿನ ಕಳೆಯುವುದೆಂದರೆ ರಾಚಪ್ಪನವರಿಗೆ ಇಷ್ಟ. ಹಿಂದಿಯನ್ನು ಅವರಿಗೆ ಯಾರೂ ಕಲಿಸಿಲ್ಲ. ಪೇಂಟಿಂಗ್ ಹುಡುಗರ ಜೊತೆ ಜಗಳವಾಡುತ್ತಾ ತಾನಾಗಿಯೇ ಬಂತು.

ಕಳೆದ ವರ್ಷ ಹೊಸ ಮ್ಯಾನೇಜರ್ ಬಂದರು. ಹೆಸರು ನಾಗೇಂದ್ರ, ಮದ್ದೂರಿನವರು. ಕೆಟ್ಟವರೇನಲ್ಲ, ಆದರೆ ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವರು. ಮುಂದಿನ ಗೇಟಿನವರು ಬಂದವರನ್ನೂ ಹೋಗುವವರನ್ನೂ ಇಂಗ್ಲಿಷಿನಲ್ಲೇ ಮಾತನಾಡಿಸಬೇಕು ಎಂದು ನಿಯಮ ತಂದರು. ಆಡಬೇಕಾದ ವಾಕ್ಯಗಳನ್ನು ಅಚ್ಚು ಹಾಕಿಸಿ ಕ್ಯಾಬಿನ್ನಿನ ಗೋಡೆಗೆ ಅಂಟಿಸಿದರು. ಯುಗಾದಿಯೊಳಗೆ ಕಲಿಯದವರಿಗೆ ಬೇಸ್‌ಮೆಂಟ್ ಡ್ಯೂಟಿ. ಹತ್ತು ವರ್ಷದಿಂದ ಇಲ್ಲಿದ್ದೂ ಕನ್ನಡದಲ್ಲಿ ‘ಸ್ವಲ್ಪ ಸ್ವಲ್ಪ’ ಬಿಟ್ಟು ಮುಂದಕ್ಕೆ ಹೋಗದ ಫ್ಲ್ಯಾಟಿನವರಿಗೆ ಯಾವ ಗಡುವೂ ಇಲ್ಲ. ಹನ್ನೆರಡು ತಾಸು ಗೇಟು ಕಾಯುವ ಮನುಷ್ಯನಿಗೆ ಯುಗಾದಿಯ ಗಡುವು! ಈ ಊರಿನ ನ್ಯಾಯವೇ ಹೀಗೆ.

ಬೇಸ್‌ಮೆಂಟಿನಲ್ಲಿ ಕಾರುಗಳಿವೆ, ನೀರಿನ ಮೋಟರಿದೆ, ಸದಾ ಉರಿಯುವ ಟ್ಯೂಬ್‌ಲೈಟಿದೆ. ಸಂಬಳ ಅಷ್ಟೇ, ಕೆಲಸವೂ ಕಮ್ಮಿ. ರಾಚಪ್ಪನವರಿಗೆ ಮಾತ್ರ ಅದು ಬೇಡವಾಗಿತ್ತು. “ಅಲ್ಲಿ ಮನಷ್ಯಾರ ಮಾರಿ ಕಾಣೂದಿಲ್ರಿ. ಇಲ್ಲಾದ್ರ ಹೋದಾವ್ರು ತಿರುಗಿ ಬಂದದ್ದು ಕಣ್ಣಿಗೆ ಬೀಳತೈತಿ. ನನಗ ಅಷ್ಟ ಸಾಕು” ಎನ್ನುತ್ತಾರೆ.

ಹಾಗಾಗಿ ಅವರು ಅತ್ತಿಗುಪ್ಪೆಯ ವಯಸ್ಕರ ಇಂಗ್ಲಿಷ್ ಕ್ಲಾಸಿಗೆ ಸೇರಿದರು. ಹಿಟ್ಟಿನ ಗಿರಣಿಯ ಪಕ್ಕದ ಕೋಣೆ. ಕಟ್ಟಡ ಪಾಪಮ್ಮನವರದು. ಅತ್ತಿಗುಪ್ಪೆ ಹಳ್ಳಿಯಾಗಿದ್ದಾಗ ಇಲ್ಲೇ ಅವರ ರಾಗಿ ಹೊಲವಿತ್ತಂತೆ. ಈಗ ಬಾಡಿಗೆದಾರರು ತಮ್ಮೆದುರಿಗೇ ಇಂಗ್ಲಿಷಿನಲ್ಲಿ ಗುಸುಗುಸು ಮಾಡುವುದು ಅರ್ಥವಾಗಲಿ ಎಂದು ಪಾಪಮ್ಮ ತಾವೂ ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಹೇಳುವವಳು ವಚನಾ. ಹಗಲು ಶಾಲೆಯೊಂದರಲ್ಲಿ ಟೀಚರ್, ಸಂಜೆ ಇಲ್ಲಿ. ವಯಸ್ಸಿನಲ್ಲಿ ರಾಚಪ್ಪನವರ ಮಗಳಂತಿರುವ ಹುಡುಗಿ.

ಮೊದಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ‘ಪ್ಲೀಸ್ ವೇಟ್’, ‘ಲಿಫ್ಟ್ ಈಸ್ ನಾಟ್ ವರ್ಕಿಂಗ್’, ‘ನೋ ಪಾರ್ಕಿಂಗ್ ಹಿಯರ್’ ಎಲ್ಲವನ್ನೂ ರಾಚಪ್ಪ ಬೇಗ ಕಲಿತರು. ಕಲಿತದ್ದನ್ನು ಮಾರನೆಯ ದಿನವೇ ಗೇಟಿನಲ್ಲಿ ಪ್ರಯೋಗಿಸಿದರು. ಗೋಳು ಶುರುವಾದದ್ದು ಅಲ್ಲಿ. ಅವರು ಇಂಗ್ಲಿಷಿನಲ್ಲಿ ಕೇಳಿದರೆ ಡೆಲಿವರಿ ಹುಡುಗರು ಹೆಲ್ಮೆಟ್ ತೆಗೆದು, ಅಣ್ಣ ಹುಷಾರಾಗಿದೀರಾ ತಾನೇ ಎಂದು ವಿಚಾರಿಸುತ್ತಿದ್ದರು. ಮೇಲಿನ ಫ್ಲ್ಯಾಟೊಂದರ ದೊಡ್ಡ ಸಾಹೇಬರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ‘ಪ್ಲೀಸ್ ವೇಟ್’ ಎಂದರೆ ಶಂಕ್ರವ್ವ ಒಳಗಿನಿಂದ, ಯಾರಿಗೆ ಕಾಯಾಕ ಹೇಳಾಕತ್ತೀರಿ, ರೊಟ್ಟಿ ಆರಾಕತ್ತಾವು ಎಂದು ಕೂಗುತ್ತಿದ್ದರು. ಇಂಥಾ ಊರಾಗ ಇಂಗ್ಲಿಷ್ ಕಲಿತು ಯಾರ ಜೋಡಿ ಮಾತಾಡೂದು ಎಂದು ರಾಚಪ್ಪ ತಲೆ ಚಚ್ಚಿಕೊಂಡರು.

ಹಾಗೆ ಚಚ್ಚಿಕೊಳ್ಳುತ್ತಲೇ ಮೂರನೇ ಪಾಠಕ್ಕೆ ಬಂದರು. ಪಾಠದ ಮೊದಲ ವಾಕ್ಯವೇ ‘ವೇರ್ ಆರ್ ಯೂ ಗೋಯಿಂಗ್?’ ಎಲ್ಲಿಗೆ ಹೋಗುತ್ತಿದ್ದೀರಿ? ಕ್ಯಾಬಿನ್ನಿನ ಗೋಡೆಯ ಮೇಲಿದ್ದ ವಾಕ್ಯಗಳಲ್ಲೂ ಇದೊಂದು. ವಚನಾ ಬೋರ್ಡಿನ ಮೇಲೆ ಬರೆದು, ಒಮ್ಮೆ ಓದಿ, ಈಗ ನೀವು ಹೇಳಿ ಎಂದಳು. ಅಲ್ಲಿಯವರೆಗೆ ಮಾರ್ಕೆಟ್ಟಿನಂತೆ ಗದ್ದಲ ಮಾಡುತ್ತಿದ್ದ ಕ್ಲಾಸು ಗಪ್‌ಚಿಪ್ ಆಯಿತು. ರಾಚಪ್ಪ ನೆಲ ನೋಡಿದರು. ಪಾಪಮ್ಮ ಸೆರಗು ಸರಿಮಾಡಿಕೊಂಡರು. ಡೆಲಿವರಿ ಕೆಲಸದ ಶಿವಯೋಗಿ ಮೊಬೈಲು ನೋಡತೊಡಗಿದ. ವಚನಾ ನಿಧಾನವಾಗಿ ಹೇಳಿಕೊಟ್ಟಳು, ಬಿಡಿಸಿ ಹೇಳಿಕೊಟ್ಟಳು, ಹಾಡಿನ ಥರ ಹೇಳಿಕೊಟ್ಟಳು. ಒಂದು ವಾರ ಕಳೆದರೂ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಅವಳು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ನಾನೇ ಬರುವುದಿಲ್ಲ ನಾಳೆಯಿಂದ ಎಂದಳು.

ಆಗ ಬಾಯಿ ಬಿಟ್ಟವರು ಪಾಪಮ್ಮ. “ಹೊಂಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಕಣಮ್ಮ. ಹೋದ ಕೆಲಸ ಕೆಡುತ್ತೆ. ನಿಮ್ಮನೇಲಿ ದೊಡ್ಡೋರು ಯಾರೂ ಹೇಳ್ಕೊಟ್ಟಿಲ್ವಾ?”

ಹೇಳಿಕೊಟ್ಟಿದ್ದರು. ವಚನಾಳ ಅಜ್ಜಿಯೂ ಅದನ್ನೇ ಹೇಳುತ್ತಿದ್ದವರು. ಆದರೆ ಅದು ಕನ್ನಡದ ಮಾತಾಯಿತು, ಇಂಗ್ಲಿಷಿನಲ್ಲಿ ಕೇಳಿದರೆ ಏನೂ ಆಗುವುದಿಲ್ಲ ಎಂದು ಅವಳು ವಾದಿಸಿದಳು. ಶಿವಯೋಗಿ ಮೊಬೈಲಿನಿಂದ ತಲೆಯೆತ್ತಿ, “ಅಂದ್ರ ಅಪಶಕುನಕ್ಕ ಇಂಗ್ಲಿಷ್ ಬರಂಗಿಲ್ಲೇನ್ರೀ ಮೇಡಂ?” ಎಂದು ಕೇಳಿದ. ವಚನಾಳಿಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ, ಹುಡುಗ ನೋಡುತ್ತಿದ್ದಾರೋ ಇಲ್ಲವೋ ಎಂದು ಇದೇ ಜನ ಮೊದಲ ದಿನವೇ ಅವಳನ್ನು ಸಂಕೋಚವಿಲ್ಲದೆ ಜಾಲಾಡಿದ್ದರು. ಅಂಥವರ ಬಾಯಿಗೆ ಈ ಒಂದು ಪ್ರಶ್ನೆ ಬಂದರೆ ಬೀಗ.

“ನಮ್ಮ ಕಡೆ ದೂರ ಹೊಂಟೀರೇನು ಅಂತ ಕೇಳ್ತೀವ್ರಿ. ಹೇಳಾವ್ರು ಹೇಳ್ತಾರ, ಬಿಡಾವ್ರು ಬಿಡ್ತಾರ” ಎಂದು ರಾಚಪ್ಪ ವಿವರಿಸುತ್ತಾರೆ. “ಗೇಟ್ ಕಾಯಾವ ನಾ. ಹೊಂಟಾವ್ರ ಕೆಲಸ ಕೆಡಸಾಕ ನಿಂತಾವ ಅಲ್ಲ.”

ಬೈದುಕೊಂಡೇ ವಚನಾ ಒಂದು ದಾರಿ ಹುಡುಕಿದಳು. ಬಂದವರನ್ನು ‘ಹೂಸ್ ಹೌಸ್, ಸರ್?’ ಎಂದು ಕೇಳಿದರಾಯಿತು, ಯಾರ ಮನೆಗೆ ಬಂದಿರಿ ಎಂದಂತಾಯಿತು. ಹೋಗುವವರಿಗೆ ‘ಗುಡ್ ಮಾರ್ನಿಂಗ್’ ಸಾಕು. ರಾಚಪ್ಪನವರ ಮುಖ ಅರಳಿತು. ಆ ವಾರ ಗೇಟಿಗೆ ಬಂದ ನಾಯಿಯೊಂದನ್ನು ಬಿಟ್ಟು ಮಿಕ್ಕೆಲ್ಲರನ್ನೂ ಅವರು ‘ಹೂಸ್ ಹೌಸ್’ ಎಂದು ವಿಚಾರಿಸಿದರು. ನಾಗೇಂದ್ರ ಮಾತ್ರ ಒಪ್ಪಲಿಲ್ಲ. ಗೋಡೆಯ ಮೇಲಿದ್ದ ವಾಕ್ಯವನ್ನೇ ಹೇಳಬೇಕು, ಎಲ್ಲರೂ ತಮಗೆ ಬೇಕಾದ್ದು ಕೇಳುತ್ತಾ ಹೋದರೆ ನಿಯಮ ಯಾಕೆ ಎಂದರು. ಯುಗಾದಿ ಹತ್ತಿರ ಬಂತು, ಬರುವ ಸೋಮವಾರ ಬೆಳಿಗ್ಗೆ ಪರೀಕ್ಷೆ, ಆಗಲೂ ಹೇಳದಿದ್ದರೆ ಅಂದಿನಿಂದಲೇ ಬೇಸ್‌ಮೆಂಟು ಎಂದು ಕಟ್ಟುನಿಟ್ಟಾಗಿ ಹೇಳಿಹೋದರು.

ಸೋಮವಾರ ನಾಗೇಂದ್ರ ಬೆಳಕು ಹರಿಯುವ ಮೊದಲೇ ಬಂದರು. ಹೊಸ ಅಂಗಿ, ಹಣೆಯಲ್ಲಿ ಕುಂಕುಮ. ಕಾರಿನ ಮುಂದಿನ ಸೀಟಿನಲ್ಲಿ ಅವರ ಹೆಂಡತಿ ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟುಕೊಂಡು ಕೂತಿದ್ದರು. ಮಗಳಿಗೆ ಒಂದು ಸಂಬಂಧ ಬಂದಿದೆ, ಹುಡುಗನ ಮನೆ ನೋಡಲು ಮೈಸೂರಿಗೆ ಹೊರಟಿದ್ದಾರೆ, ದಾರಿಯಲ್ಲಿ ಒಂದು ಸುತ್ತು ಹಾಕಿ ಹೋಗೋಣವೆಂದು ಬಂದಿದ್ದಾರೆ ಎಂದು ಡ್ರೈವರ್ ಆಗಲೇ ರಾಚಪ್ಪನವರಿಗೆ ತಿಳಿಸಿದ್ದ. ಸುತ್ತು ಮುಗಿಸಿದ ನಾಗೇಂದ್ರ ಕಾರಿನ ಬಾಗಿಲು ಹಿಡಿದುಕೊಂಡು, ಈಗ ನಾನು ಹೊರಗೆ ಹೋಗುತ್ತಿದ್ದೇನೆ, ನನ್ನನ್ನೇ ಕೇಳಿ ನೋಡೋಣ ಎಂದರು.

ರಾಚಪ್ಪ ‘ಗುಡ್ ಮಾರ್ನಿಂಗ್’ ಎಂದರು. ನಾಗೇಂದ್ರ ಅದಲ್ಲ ಎಂದು ತಲೆಯಾಡಿಸಿದರು. ಇವತ್ತೊಂದು ದಿನ ಬೇಡ ಸರ್, ಒಳ್ಳೇ ಕೆಲಸಕ್ಕೆ ಹೊರಟಿದ್ದೀರಿ, ಅಕ್ಕನವರೂ ಕೂತಿದ್ದಾರೆ, ನಾಳೆ ಕೇಳುತ್ತೇನೆ ಎಂದು ರಾಚಪ್ಪ ಬೇಡಿಕೊಂಡರು. ನೆಪ ಹೇಳಬೇಡಿ, ಇಲ್ಲದಿದ್ದರೆ ಕೆಳಗೆ ನಡೆಯಿರಿ ಎಂದರು ನಾಗೇಂದ್ರ. ರಾಚಪ್ಪನವರಿಗೆ ರೇಗಿಹೋಯಿತು. ಟೊಪ್ಪಿಗೆ ಸರಿಮಾಡಿಕೊಂಡು, ಕಾಲು ಜೋಡಿಸಿ, ವಚನಾ ಹೇಳಿಕೊಟ್ಟ ಹಾಗೆಯೇ, ಒಂದಕ್ಷರ ತಪ್ಪದೆ, ಇಡೀ ಬೀದಿಗೆ ಕೇಳುವಂತೆ ಕೇಳಿದರು.

“ವೇರ್ ಆರ್ ಯೂ ಗೋಯಿಂಗ್, ಸರ್?”

ನಾಗೇಂದ್ರ ‘ವೆರಿ ಗುಡ್’ ಎನ್ನಲು ಬಾಯಿ ತೆರೆದವರು ಹಾಗೇ ನಿಂತರು. ಕಾರಿನೊಳಗೆ ಅವರ ಹೆಂಡತಿ ಹಣ್ಣಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಗಾಜು ಇಳಿಸಿದರು.

“ರೀ, ಒಳಗೆ ಹೋಗಿ ಕೂತು ನೀರು ಕುಡಿದು ಬನ್ನಿ. ನಾನೂ ಇಳೀತೀನಿ.”

ಇಬ್ಬರೂ ಕ್ಯಾಬಿನ್ನಿಗೆ ಬಂದರು. ಅಲ್ಲಿದ್ದದ್ದು ಒಂದೇ ಕುರ್ಚಿ, ರಾಚಪ್ಪನವರದು. ಅದರ ಮೇಲೆ ನಾಗೇಂದ್ರರ ಹೆಂಡತಿ ಕೂತರು. ನಾಗೇಂದ್ರ ಹಾಲಿನ ಕ್ರೇಟೊಂದನ್ನು ಬೋರಲು ಹಾಕಿಕೊಂಡು, ತಾವೇ ಅಂಟಿಸಿದ ವಾಕ್ಯಗಳ ಕೆಳಗೆ ಕೂತರು. ರಾಚಪ್ಪ ತಾವು ತೊಳೆದಿಟ್ಟಿದ್ದ ಲೋಟದಲ್ಲಿ ನೀರು ಕೊಟ್ಟರು. ಗಂಡಹೆಂಡಿರು ನೀರು ಕುಡಿದು, ಆಗತಾನೇ ಮನೆಯಿಂದ ಹೊರಟವರಂತೆ ಬಲಗಾಲಿಟ್ಟು ಹೊರಗೆ ಬಂದರು. ಕಾರು ಹತ್ತುವ ಮೊದಲು ನಾಗೇಂದ್ರ ಗಂಟಲು ಸರಿಮಾಡಿಕೊಂಡು, ಇನ್ನು ಮೇಲೆ ‘ಹೂಸ್ ಹೌಸ್’ ಅಂತಲೇ ಕೇಳಿ, ಸಾಕು ಎಂದರು. ಆ ಸಂಬಂಧ ಕೂಡಿಬಂತೆಂದು ಕಾಣುತ್ತದೆ. ವಾರದ ಮೇಲೆ ಕ್ಯಾಬಿನ್ನಿನಲ್ಲಿ ಮೈಸೂರುಪಾಕಿನ ಡಬ್ಬಿ ಇತ್ತು. ಯಾಕೆಂದು ನಾಗೇಂದ್ರ ಹೇಳಲಿಲ್ಲ, ರಾಚಪ್ಪನವರೂ ಕೇಳಲಿಲ್ಲ.

ಅಂತೂ ಗೇಟು ಉಳಿಯಿತು. ಕ್ಲಾಸಿಗೆ ರಾಚಪ್ಪ ಈಗಲೂ ಹೋಗುತ್ತಾರೆ, ಈಗಲೂ ಗೊಣಗುತ್ತಾರೆ. ಮೂರನೇ ಪಾಠವನ್ನು ವಚನಾ ಬಿಟ್ಟೇ ಮುಂದಕ್ಕೆ ಹೋಗಿದ್ದಾಳೆ. ಅವಳಿಗೆ ಅವರ ಮೇಲೆ ಈಗಿರುವ ಸಿಟ್ಟು ಒಂದೇ, ಬಂಗಾಳಿ ಅಮ್ಮನಿಗೆ ಅವರು ಹೇಳುವ ಆ ಮಾತು. ಹೀಗೆ ಯಾವ ಇಂಗ್ಲಿಷಿನವರೂ ಹೇಳುವುದಿಲ್ಲ, ‘ಸೀ ಯೂ’ ಅನ್ನಿ, ‘ಟೇಕ್ ಕೇರ್’ ಅನ್ನಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ರಾಚಪ್ಪ ಹೂಂ ಎನ್ನುತ್ತಾರೆ, ಮಾರನೆಯ ಬೆಳಿಗ್ಗೆ ಮತ್ತೆ ಅದನ್ನೇ ಹೇಳುತ್ತಾರೆ: ‘ಗೋ ಆ್ಯಂಡ್ ಕಮ್, ಅಮ್ಮ.’

ಬಿಸಿಲು ಏರಿದೆ. ಬೆಳಿಗ್ಗೆ ಹೋದ ಆಟೊ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಕುರ್ಚಿ ಬಿಟ್ಟೆದ್ದ ರಾಚಪ್ಪ ಗೇಟಿನ ಎರಡೂ ಬಾಗಿಲು ತೆರೆಯುತ್ತಾರೆ.

“ಟೀಚರ್ ಅದು ತಪ್ಪು ಅಂತಾರ್ರಿ. ಇರಬಹುದು” ಎನ್ನುತ್ತಾರೆ, ಆಟೊ ಮೇಲಿನ ಕಣ್ಣು ತೆಗೆಯದೆ. “ಅಮ್ಮಾರು ಪ್ರತಿ ಸಲ ತಿರುಗಿ ಬರಾಕತ್ತಾರಲ್ರೀ.”