ಪರಿವಿಡಿಯ ಕೊನೆಯ ಹೆಸರು

ಯಾವ ಪತ್ರಿಕೆ ಕೈಗೆ ಬಂದರೂ ನಾನು ಮೊದಲು ನೋಡುವುದು ಪರಿವಿಡಿಯನ್ನು. ಯಾರ ಹೆಸರು ದಪ್ಪಕ್ಷರದಲ್ಲಿದೆ, ಯಾರ ಫೋಟೊ ಅಂಗೈಯಗಲ ಇದೆ ಎಂದು ನೋಡಿದರೆ ಸಾಕು, ಸಂಪಾದಕರ ಒಳಗಿನ ಮಾತು ತಿಳಿದುಬಿಡುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಗೋಕಾಕದ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಅಂಟಿದ ಚಟ ಇದು.

ಮೂಡಲಗಿಯ ನಿವೃತ್ತ ಮಾಸ್ತರರೊಬ್ಬರು ಹಿಂದೂಸ್ತಾನಿ ಸಂಗೀತಕ್ಕೆಂದೇ ಸಣ್ಣ ಪತ್ರಿಕೆ ನಡೆಸುತ್ತಿದ್ದರು. ಅದರ ಪುಟ ಜೋಡಿಸುವವಳು ನಾನು. ಆ ಸಲದ ಸಂಚಿಕೆಯಲ್ಲಿ ನನಗೆ ಸಂಗೀತ ಕಲಿಸಿದ ಹುಕ್ಕೇರಿಯ ಅಕ್ಕೋರ ಸಂದರ್ಶನವಿತ್ತು. ಊರಿನ ಸಭೆಗಳಿಗೆ ಅವರನ್ನು ಕರೆಯುತ್ತಿದ್ದದ್ದು ಪ್ರಾರ್ಥನಾ ಗೀತೆಗೆ ಮಾತ್ರ. ಅವರು ಬಾಯಿ ತೆರೆಯುವಷ್ಟರಲ್ಲಿ ನಿರೂಪಕರು ಗಡಿಯಾರ ನೋಡುತ್ತಿದ್ದರು. ಪತ್ರಿಕೆಯಲ್ಲಾದರೂ ಅವರ ಹೆಸರು ಎದ್ದು ಕಾಣಲೇಬೇಕು ಎಂಬುದು ನನ್ನ ಹಟ.

ಮಾಸ್ತರರು ಬರೆದು ತಂದ ಪರಿವಿಡಿ ನೋಡಿ ಮೈ ಉರಿಯಿತು. ಮೇಲೆ ದೊಡ್ಡ ಫೋಟೊ, ಅದೂ ಈಗಷ್ಟೇ ಹಾಡಲು ಕಲಿತವರೊಬ್ಬರದು. ಅಕ್ಕೋರ ಹೆಸರು ಕಟ್ಟಕಡೆಗೆ, ಅದಕ್ಕೆ ಹತ್ತಿಕೊಂಡು ಹಾರ್ಮೋನಿಯಂ ರಿಪೇರಿಯ ಜಾಹೀರಾತು.

"ಸರ, ಓದಾವ್ರ ಕಣ್ಣು ಮೊದಲ ಮ್ಯಾಲೆ ಹೋಗತೈತ್ರಿ. ಅಕ್ಕೋರನ್ನ ಮ್ಯಾಲೆ ತಗೋರಿ. ಇಲ್ಲಂದ್ರ ಈ ಪುಟಾ ನಾ ಮಾಡಂಗಿಲ್ಲ" ಎಂದುಬಿಟ್ಟೆ.

ಮಾಸ್ತರರು ನಕ್ಕರು. "ಕಚೇರಿಯಾಗ ಮೊದಲ ಯಾರು ಹಾಡ್ತಾರ ತಂಗಿ? ಕಲಿಯಾಕತ್ತಾವ್ರು. ದೊಡ್ಡಾವ್ರು ಕಡೀಕ. ನಿಮ್ಮ ಅಕ್ಕೋರನ್ನ ಮತ್ತ ಪ್ರಾರ್ಥನಾಕ್ಕ ಕುಂದರಸ್ತಿ ಏನ?"

ಅವರ ಮಾತು ಸರಿಯೇ ಇತ್ತು. ಆದರೂ ಅಷ್ಟಕ್ಕೇ ಸುಮ್ಮನಾಗುವವಳು ನಾನಲ್ಲ. ಸಂಗೀತ ಬಲ್ಲವರಿಗೆ ಅದು ತಿಳಿದೀತು, ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ತಿರುವಿ ಹಾಕುವವರಿಗೆ ಹೇಗೆ ತಿಳಿಯಬೇಕು?

"ಹಂಗಾರ ಅದು ಪುಟದಾಗ ಕಾಣಬೇಕಲ್ರಿ ಸರ" ಎಂದು ಕೆಲಸಕ್ಕೆ ಕೂತೆ. ಮೇಲಿನ ಫೋಟೊ ಸಣ್ಣದಾಯಿತು. ಕೆಳಗಿಳಿದಂತೆ ಹೆಸರುಗಳ ಅಕ್ಷರ ದೊಡ್ಡದಾಗುತ್ತ ಹೋಯಿತು. ಜಾಹೀರಾತನ್ನು ಹಿಂದಿನ ರಕ್ಷಾಪುಟಕ್ಕೆ ಅಟ್ಟಿ, ಅಕ್ಕೋರ ಹೆಸರಿನ ಸುತ್ತ ಧಾರಾಳವಾಗಿ ಬಿಳಿ ಜಾಗ ಬಿಟ್ಟೆ. ಜಾಗ ದಂಡವಾಯಿತೆಂದು ಮಾಸ್ತರರು ಗೊಣಗಿದರು. ನಾನು ಜಗ್ಗಲಿಲ್ಲ.

ಅಚ್ಚಾದ ಪ್ರತಿ ಹಿಡಿದುಕೊಂಡು ನಾನೇ ಹುಕ್ಕೇರಿ ಬಸ್ಸು ಹತ್ತಿದೆ. ಅಕ್ಕೋರು ಚಾಳೀಸು ಕನ್ನಡಕ ಏರಿಸಿ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದುತ್ತ ಕೆಳಗೆ ಬಂದರು. ತಮ್ಮ ಹೆಸರು ಬಂದಾಗ ಬೆರಳು ನಿಂತಿತು. ಅದರ ಕೆಳಗಿನ ಖಾಲಿ ಜಾಗವನ್ನು ಸವರಿದರು.

"ನನ್ನ ಹಿಂದ ಮತ್ತ ಯಾರೂ ಇಲ್ಲೇನ?"

"ಯಾರೂ ಇಲ್ರಿ ಅಕ್ಕೋರ. ನೀವ ಕಡೀಕ."

ಅವರು ಚಾಳೀಸು ತೆಗೆದು ಪತ್ರಿಕೆಯ ಮೇಲಿಟ್ಟರು. ಆಮೇಲೆ ಎದ್ದು, ಮೂಲೆಯಲ್ಲಿದ್ದ ತಂಬೂರಿಯ ಗವಸು ತೆಗೆದರು.

"ಹಂಗಾರ ಕುಂದರು. ಇವತ್ತ ಸಾವಕಾಶ ಹಾಡ್ತೇನಿ."