ಹಳದಿ ಕಾಗದದ ಮೇಲಿನ ಮುಖ

ಕೆಲಸದಲ್ಲಿ ಒಂದು ನಿಮಿಷ ಹೆಚ್ಚುಕಡಿಮೆ ಮಾಡಿದವನಲ್ಲ ನಾನು. ಈ ಮಾತಿನಲ್ಲೂ ಮಾಡುವುದಿಲ್ಲ. ನಡೆದಷ್ಟೇ ಬರೆಯುತ್ತೇನೆ.

ನಿಜಾಮರ ಕಾಲ. ಉದಗೀರಿನಲ್ಲಿ ನನ್ನ ಫೋಟೋ ಅಂಗಡಿ. ಕಾಗದಕ್ಕೆ ಯುರೇನಿಯಂ ಉಪ್ಪಿನ ಹಳದಿ ನೀರು ಸವರಿ, ಒಣಗಿಸಿ, ಫೋಟೋ ಹಿಡಿದ ಗಾಜಿನ ಪ್ಲೇಟಿನ ಕೆಳಗಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದೆ. ಬಿಸಿಲು ತಾಗಿದಲ್ಲಿ ಯುರೇನಿಯಂ ಗುಣ ಬದಲಿಸಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೂಡಲೇ ಕೆಂಪು ಉಪ್ಪಿನ ನೀರಿನಲ್ಲಿ ಅದ್ದಿದರೆ ಇಟ್ಟಿಗೆ ಬಣ್ಣದ ಮುಖ ಮೂಡುತ್ತದೆ. ತಡವಾದರೆ ಗಾಳಿ ಅದನ್ನು ಮತ್ತೆ ಮೇಲಕ್ಕೆಳೆಯುತ್ತದೆ... ಮುಖ ಅಳಿದುಹೋಗುತ್ತದೆ.

ಒಂದು ಮಧ್ಯಾಹ್ನ ತುರೋರಿಯಿಂದ ಗಂಗವ್ವ ಮಗಳ ಫೋಟೋ ಕೇಳಿಕೊಂಡು ಬಂದರು. ನಿಲಂಗಾಕ್ಕೆ ಕೊಟ್ಟಿದ್ದ ಮಗಳು ತೀರಿಕೊಂಡಿದ್ದಳು. ಸುದ್ದಿ ತಿಳಿದು ಇವರು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅದಕ್ಕೂ ಮುನ್ನ, ನಮ್ಮವರ ಪದ್ಧತಿಯಂತೆ ಹೆಣವನ್ನು ಕೂರಿಸಿ ವಿಭೂತಿ ಹಚ್ಚಿದಾಗ, ಅಲ್ಲಿಗೆ ಹೋಗಿ ಫೋಟೋ ತೆಗೆದವನು ನಾನೇ.

ಕಾಗದವನ್ನು ಬಿಸಿಲಿಗಿಟ್ಟು ತೆಗೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು.

"ತಮ್ಮಾ, ಒಮ್ಮಿ ಮಾರಿ ತೋರ್ಸಪ್ಪಾ. ನೀರಾಗ ಅದ್ದೋದೇ ಉಳದದಲ್ಲ?"

"ದೀಪ ಹಚ್ಚಿದ ಮ್ಯಾಲ ನಾ ಕೆಲಸಾ ಮಾಡಂಗಿಲ್ರೀ, ಅವ್ವಾ. ಕೆಟ್ರ ನಾಳಿ ಇನ್ನೊಂದು ಮಾಡ್ತೀನಿ. ಪ್ಲೇಟ್ ಎಲ್ಲಿ ಓಡಿ ಹೋಗ್ತದ?"

"ನಿನ್ನ ಗಡಿಯಾರಕ್ಕ ಮಕ್ಕಳಿಲ್ಲ, ನೋಡು," ಎಂದವರು ಹೊರಗೆ ಕಟ್ಟೆಯ ಮೇಲೆ ಮಲಗಿದರು.

ಕತ್ತಲೆ ಕೋಣೆಯಲ್ಲಿ ಕಾಗದವನ್ನು ಪೆಟ್ಟಿಗೆಗೆ ಹಾಕಿ, ಪಿಂಗಾಣಿ ತಟ್ಟೆಯನ್ನು ತೊಳೆದು ಬೋರಲಿಟ್ಟು, ಚಿಲಕ ಹಾಕಿದೆ. ಪ್ಲೇಟನ್ನು ಅಂಗಡಿಯ ಕಪಾಟಿಗೇರಿಸುವಾಗ ಅದು ಕೈಜಾರಿ ಚೂರಾಯಿತು.

ಇನ್ನು ಉಳಿದದ್ದು ಆ ಕಾಗದವೊಂದೇ! ಓಡಿಹೋಗಿ ಚಿಲಕಕ್ಕೆ ಕೈ ಹಾಕಿದೆ.

ಒಳಗೆ... ಛಳಕ್... ಛಳಕ್...

ನೀರು ತುಂಬಿದ ತಟ್ಟೆಯನ್ನು ಯಾರೋ ತೂಗುತ್ತಿದ್ದರು. ಬಾಗಿಲ ಸಂದಿನಿಂದ ಹಸಿ ವಿಭೂತಿಯ ವಾಸನೆ... ಬಾಡಿದ ಚೆಂಡುಹೂವಿನ ವಾಸನೆ...

ತೆರೆಯಲಾಗಲಿಲ್ಲ. ಬೆಳಗಿನ ತನಕ ಅಲ್ಲೇ ಕುಳಿತೆ.

ಬೆಳಕಾದ ಮೇಲೆ ಒಳಗೆ ಹೋದೆ. ತಟ್ಟೆ ಬೋರಲಾಗಿಯೇ ಇತ್ತು, ಒಣಗಿತ್ತು. ಕಾಗದ ಬರೀ ಹಳದಿ. ಮುಖವಿಲ್ಲ.

"ರಾತ್ರಿಯೆಲ್ಲಾ ತೊಳದಿ. ಕೇಳ್ಕೋತ ಮಲಗಿದ್ದೆ. ಕೊಡಪ್ಪಾ," ಎಂದು ಗಂಗವ್ವ ಕೈಚಾಚಿದರು.

ಖಾಲಿ ಕಾಗದವನ್ನೇ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂದೆಡೆ ಬೆರಳಿಟ್ಟು ಮೆಲ್ಲಗೆ ಸವರಿದರು.

"ಖರೇ ಬಂದದ, ತಮ್ಮಾ. ಕೊರಳಾಗಿನ ಹಗ್ಗದ ಗುರ್ತ ಸುದ್ದಾ."

ಕಾಗದವನ್ನು ಎದೆಗೊತ್ತಿಕೊಂಡು ಹೊರಟುಹೋದರು.

ಆ ಗುರುತಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಫೋಟೋ ತೆಗೆಯುವ ಮುನ್ನ, ಹುಡುಗಿಯ ಅತ್ತೆಯ ಮಾತು ಕೇಳಿ, ಚೆಂಡುಹೂವಿನ ಹಾರವನ್ನು ಗದ್ದದ ತನಕ ಏರಿಸಿ ಆ ಗುರುತನ್ನು ಮುಚ್ಚಿದ ಕೈ ನನ್ನದೇ.

ಈಗಲೂ ದೀಪ ಹಚ್ಚಿದ ಮೇಲೆ ಆ ಬಾಗಿಲ ಹತ್ತಿರ ನಾನು ಸುಳಿಯುವುದಿಲ್ಲ. ತಟ್ಟೆ ತೂಗುವ ಸದ್ದು ನಿಂತಿಲ್ಲ...