ಹಿಂಬಾಗಿಲಿನಿಂದ ಬಂದ ಅತಿಥಿ

ಅನ್ಯರ ಆಸರೆಯಿಲ್ಲದೆ ದಿನ ಕಳೆಯಲಾಗದ ವಯಸ್ಕ ಮಕ್ಕಳಿರುವ ಮನೆಗಳಿಗೆ ನಾಲ್ಕು ದಿನದ ಬಿಡುವು ಕೊಡುವ ತಂಗುಮನೆಗಳು ಐರ್ಲೆಂಡಿನ ನಮ್ಮ ಮಾಯೊ ಸೀಮೆಯಲ್ಲಿ ಬೆರಳೆಣಿಕೆಯಷ್ಟಿವೆ. ಅವುಗಳಲ್ಲಿ ರೋವನ್ ಹೌಸ್ ಎಂದೊಡನೆ ನಾವು ತಾಯಂದಿರು ನಿರಾಳವಾಗಿ ಉಸಿರುಬಿಟ್ಟು ಕೂರುತ್ತೇವೆಂದರೆ, ಅದಕ್ಕೆ ಕಾರಣ ಅದರ ಮೇಲ್ವಿಚಾರಕಿಯಾಗಿದ್ದು ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಅಟ್ರಾಕ್ಟಾ ಗಿಲ್ಮಾರ್ಟಿನ್ ಅವರು. ಆರೈಕೆಯ ಗುಣಮಟ್ಟ ನೋಡಲು ಬರುವವರು ಬಾಗಿಲ ಅಗಲವನ್ನೂ ಔಷಧದ ಕಪಾಟಿನ ಬೀಗವನ್ನೂ ನೋಡುತ್ತಾರೆ; ನೋಡಲೇಬೇಕು. ಅಟ್ರಾಕ್ಟಾ ಅವರು ಅದರಲ್ಲಿ ಕೊರತೆ ಬಾರದಂತೆ ಕಾಯ್ದುಕೊಂಡು, ಬಂದವರು ಇಲ್ಲಿ ಮನೆಯಲ್ಲಿದ್ದಂತೆ ಉಣ್ಣುತ್ತಾರೆಯೇ, ನಗುತ್ತಾರೆಯೇ ಎಂಬುದನ್ನೂ ನೋಡುತ್ತಿದ್ದರು.

ಅವರು ದಾದಿಯಾಗಿ ಸೇವೆಗೆ ಸೇರಿದ್ದು ಉದ್ದುದ್ದ ವಾರ್ಡುಗಳ ಹಳೆಯ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಎಲ್ಲರ ದೀಪವೂ ಒಟ್ಟಿಗೆ ಆರುತ್ತಿತ್ತು, ಎಲ್ಲರ ತಟ್ಟೆಗೂ ಒಂದೇ ಗಂಜಿ ಬೀಳುತ್ತಿತ್ತು. ರೋವನ್ ಹೌಸ್ ತೆರೆದಾಗ ಅವರು ತಂದ ಮೊದಲ ಪದ್ಧತಿಯೆಂದರೆ, ಬರಲಿರುವವರ ಮನೆಗೆ ತಾವೇ ಹೋಗಿ ಒಂದು ಬಟ್ಟಲು ಚಹಾ ಕುಡಿದುಬರುವುದು. ಮಕ್ಕಳನ್ನು ಬಿಟ್ಟುಬಂದು ನಾವು ಫೋನ್ ಮಾಡಿದರೆ, "ಚೆನ್ನಾಗಿದ್ದಾಳೆ" ಎಂದು ಅವರು ಸುಮ್ಮನಾದವರಲ್ಲ. "ಈಗ ತಾನೇ ನನ್ನ ಬಿಸ್ಕತ್ತು ಕದ್ದು ಸಿಕ್ಕಿಬಿದ್ದಳು ನಿಮ್ಮ ರಾಣಿ" ಎನ್ನುತ್ತಿದ್ದರು. ಪಾತ್ರೆಗಳ ನಡುವೆ ನಿಂತು ಆ ಮಾತು ಕೇಳಿದ ತಾಯಿಗೆ ಮಾತ್ರ ಅದರ ಬೆಲೆ ಗೊತ್ತು.

ಅವರನ್ನು ಬಲ್ಲವರೆಲ್ಲ ಡೀಲಿಯಾ ಮತ್ತು ಮಲಾಕಿಯ ಕಥೆಯನ್ನು ಕೇಳಿಯೇ ಇರುತ್ತಾರೆ. ಮೂವತ್ತು ದಾಟಿದ, ಮಾತಿಲ್ಲದ ಮಗ ಮಲಾಕಿ. ಸವೆದ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕಿದ್ದ ವಿಧವೆ ಡೀಲಿಯಾ. ಅಟ್ರಾಕ್ಟಾ ಅವರು ಮೊದಲ ಸಲ ಅವರ ಮನೆಗೆ ಹೋದಾಗ ಡೀಲಿಯಾ, ನಮ್ಮಲ್ಲಿ ಎಲ್ಲರೂ ಮಾಡುವಂತೆ, ಅತಿಥಿಗಳಿಗೆಂದೇ ಇಟ್ಟ ಮುಂದಿನ ಒಳ್ಳೆಯ ಕೋಣೆಯ ಬಾಗಿಲು ತೆರೆದರು. ಬಂಗಾರದಂಚಿನ ಕಪ್ಪುಗಳನ್ನು ಇಳಿಸಿದರು, ಮಗನಿಗೆ ಟೈ ಕಟ್ಟಿದರು, ಅವನಿಗೆ ಏನು ಇಷ್ಟ, ಏನು ಆಗದು ಎಂಬುದನ್ನೆಲ್ಲ ಹೇಳಿದರು. ಅಡುಗೆಮನೆಯ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಮಲಾಕಿ ರೋವನ್ ಹೌಸಿಗೆ ಬಂದ. ಎಲ್ಲವೂ ಅಮ್ಮ ಹೇಳಿದಂತೆಯೇ ನಡೆಯಿತು, ಆದರೂ ಅವನು ಊಟ ಮುಟ್ಟಲಿಲ್ಲ. ಆಸ್ಪತ್ರೆಗೆ ಸೇರಲು ಹೊರಟಿದ್ದ ಡೀಲಿಯಾ ಅರ್ಧದಲ್ಲೇ ತಿರುಗಿ ಬಂದು ಮಗನನ್ನು ಕರೆದೊಯ್ದರು. ಚಿಕಿತ್ಸೆ ಮುಂದೆ ಹೋಯಿತು. ಇನ್ನೊಮ್ಮೆ ಮುಂದಕ್ಕೆ ಹೋದರೆ ನಡೆಯುವ ಆಸೆಯನ್ನೇ ಬಿಡಬೇಕೆಂದು ವೈದ್ಯರು ಎಚ್ಚರಿಸಿದರು.

ಮುಂದಿನ ವಾರ ಅಟ್ರಾಕ್ಟಾ ಅವರು ಹೇಳದೆ ಕೇಳದೆ ಹಿತ್ತಲ ಬಾಗಿಲು ತಳ್ಳಿದರು.

"ಅಯ್ಯೋ, ಮನೆ ಹೇಗೆ ಬಿದ್ದಿದೆ ನೋಡಿ. ಮುಂದಿನ ಕೋಣೆಗೆ ನಡೀರಿ," ಎಂದರು ಡೀಲಿಯಾ.

"ಆ ಕೋಣೇನ ಪಾದ್ರಿಗಳು ಬಂದಾಗ ತೆಗಿ. ನೀನು ನಿನ್ನ ಕೆಲಸ ನೋಡ್ಕೋ, ನಾನಿಲ್ಲಿ ಇಲ್ಲ ಅಂದ್ಕೋ."

"ನಿಮ್ಮ ಗಾತ್ರದೋರನ್ನ ಇಲ್ಲ ಅಂದ್ಕೊಳ್ಳೋದು ಹೇಗೆ?"

ನಕ್ಕು, ಅಟ್ರಾಕ್ಟಾ ಅವರು ಒಲೆಯ ಮೂಲೆಯಲ್ಲಿ ಮಲಾಕಿಗೆ ಕಾಣದಂತೆ ಕೂತರು. ಡೀಲಿಯಾ ಆಲೂಗೆಡ್ಡೆ, ಎಲೆಕೋಸು ಬಡಿಸಿ, ಮಗನಿಗೆ ಬೆನ್ನು ಹಾಕಿ ಪಾತ್ರೆ ತೊಳೆಯತೊಡಗಿದರು. ಹಿಂದೆ ಚಮಚ ಸದ್ದು ಮಾಡಿತು. ಉಪ್ಪು ಕೊಡಲು ಅವರು ತಿರುಗಿದರೆ ಚಮಚ ನಿಂತಿತು.

"ಯಾವಾಗ್ಲೂ ಹೀಗೇನಾ? ನೀನು ನೋಡಿದ್ರೆ ನಿಲ್ಲಿಸ್ತಾನೆ."

"ನಂಗೇನು ಗೊತ್ತು? ಬೆನ್ನಲ್ಲಿ ಕಣ್ಣಿಲ್ಲವಲ್ಲ."

ರೋವನ್ ಹೌಸಿನಲ್ಲಿ ಎದುರಿಗೆ ಕೂತು, ಕಣ್ಣಿಗೆ ಕಣ್ಣಿಟ್ಟು, ಜೊತೆಯಲ್ಲಿ ಉಣ್ಣುವುದೇ ಒಳ್ಳೆಯ ಆರೈಕೆ ಎಂದು ಎಲ್ಲರೂ ಕಲಿತಿದ್ದರು. ಹಾಗಾಗಿ ಮಲಾಕಿಯ ಮೇಜಿನ ಮುಂದೆ ಅಕ್ಕರೆಯ ಮುಖವೊಂದು ಅವನನ್ನೇ ನೋಡುತ್ತ ಕಾದಿರುತ್ತಿತ್ತು. ಅವನು ಮತ್ತೆ ಬಂದ ದಿನ ಅಟ್ರಾಕ್ಟಾ ಅವರು ಅಲ್ಲಿನ ಸಿಬ್ಬಂದಿ ಜಾರ್ಲತ್‌ನನ್ನು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲಿಸಿದರು.

"ಊಟ ಮಾಡೋರಿಗೆ ಬೆನ್ನು ಹಾಕಿ ನಿಲ್ಲೋದಾ ಮೇಡಂ? ನೋಡಿದೋರು ಏನಂತಾರೆ?"

"ಅನ್ನೋರಿಗೆ ನಾನು ಹೇಳ್ತೀನಿ. ನೀನು ಕಪ್ಪು ತೊಳಿ."

"ತೊಳೆದಿದೆಯಲ್ಲ."

"ಮತ್ತೆ ತೊಳಿ. ಕಿಟಕಿ ಗಾಜಲ್ಲಿ ಅವನು ಕಾಣ್ತಾನೆ, ಗಂಟಲಿಗೆ ಸಿಕ್ಕಿದ್ರೆ ಗೊತ್ತಾಗತ್ತೆ."

ಜಾರ್ಲತ್ ತೊಳೆದ ಕಪ್ಪನ್ನೇ ತೊಳೆದ. ಮೂರನೆಯ ಕಪ್ಪಿಗೆ ಹಿಂದಿನಿಂದ ಚಮಚದ ಸದ್ದು ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಡೀಲಿಯಾಗೆ ಫೋನಿನಲ್ಲಿ ಅಟ್ರಾಕ್ಟಾ ಅವರು ಹೇಳಿದ್ದು ಇಷ್ಟೇ: "ತಟ್ಟೆ ಖಾಲಿ. ಈಗ ನೀನು ಹೆದರದೆ ಆಪರೇಷನ್‌ಗೆ ಹೋಗಿ ಬಾ."

ಕಳೆದ ಭಾನುವಾರ ರೋವನ್ ಹೌಸಿನಲ್ಲಿ ಅವರಿಗೆ ಬೀಳ್ಕೊಡುಗೆಯ ಊಟ. ಡೀಲಿಯಾ ಕೋಲಿಲ್ಲದೆ ನಡೆದು ಬಂದಿದ್ದರು. ಮೇಜಿನ ತುದಿಯಲ್ಲಿ ಅಟ್ರಾಕ್ಟಾ ಅವರು. ನಮ್ಮೆಲ್ಲರ ಕಣ್ಣೂ ಅವರ ಮೇಲೆ. ಅವರು ಚಮಚ ಎತ್ತಿದರು, ತುತ್ತು ಬಾಯಿಗಿಡದೆ ಹಾಗೆಯೇ ಇಳಿಸಿದರು. ಮಲಾಕಿ ಒಮ್ಮೆ ಅವರತ್ತ ನೋಡಿದ. ಎದ್ದು ಹೋಗಿ ನಲ್ಲಿ ತಿರುಗಿಸಿ, ನಮಗೆಲ್ಲ ಬೆನ್ನು ಹಾಕಿ, ತೊಳೆದಿಟ್ಟ ಕಪ್ಪೊಂದನ್ನು ತೊಳೆಯತೊಡಗಿದ. ಮೊದಲು ಅರಿತವರು ಡೀಲಿಯಾ; ಮೆಲ್ಲನೆ ಕುರ್ಚಿ ತಿರುಗಿಸಿದರು. ಒಬ್ಬೊಬ್ಬರಾಗಿ ನಾವೂ ತಿರುಗಿದೆವು. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗಿತು.

ಪೂಜ್ಯ ಅಟ್ರಾಕ್ಟಾ ಅವರಿಗೆ ದೇವರು ಆಯುರಾರೋಗ್ಯ ಕೊಡಲಿ; ಹೊಸ ತಾಯಂದಿರ ಅಡುಗೆಮನೆಗಳಿಗೆ ಅವರ ಹೆಜ್ಜೆ ನಿಲ್ಲದಿರಲಿ. ನಮ್ಮ ಹಿತ್ತಲ ಬಾಗಿಲುಗಳಿಗೆ ಅಗುಳಿ ಹಾಕಿಲ್ಲ. ಅವರು ಊಟಕ್ಕೆ ಕೂತಾಗ ಕಪ್ಪು ತೊಳೆಯಲು ನಾವಿದ್ದೇವೆ.